ಮುಂಜಾಗ್ರತೆ ಮಾವ

ಮೈಸೂರಿನ ಯಾವ ಬಡಾವಣೆಗೆ ಹೋದರೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಬ್ಯಾಂಕಿನಿಂದಲೋ ಸರ್ಕಾರಿ ಕಚೇರಿಯಿಂದಲೋ ನಿವೃತ್ತರು. ಮನೆಯಲ್ಲಿ ಅಪ್ಪ, ತಾತ. ಬೀದಿಗೆಲ್ಲ ಮುಂಜಾಗ್ರತೆ ಮಾವ. ವಿಜಯದಶಮಿಯ ರಾತ್ರಿ ಬನ್ನಿಮಂಟಪದ ಮೈದಾನದಲ್ಲಿ ಪಂಜಿನ ಕವಾಯತಿನ ಕೊನೆಗೆ ಆಕಾಶಕ್ಕೇರುವ ಬಾಣಬಿರುಸನ್ನು ಮನೆಮಂದಿಗೆಲ್ಲ ತೋರಿಸಬೇಕೆಂಬುದು ಇವರ ಹಂಬಲ. ಅದಕ್ಕೆ ಇವರು ತಯಾರಾಗುವ ಪರಿಯನ್ನು ದಸರಾ ಉಪಸಮಿತಿಗಳು ಬಂದು ನೋಡಬೇಕು.

ಮೊದಲ ಘಟ್ಟ ಪಾಸು. ದಸರಾ ಹತ್ತಿರವಾದರೆ ಮೈಸೂರಿನಲ್ಲಿ ನೆಂಟಸ್ತಿಕೆಗಳು ದಿಢೀರನೆ ಚಿಗುರುತ್ತವೆ. ಷಡ್ಡಕನ ತಮ್ಮನೊಬ್ಬ ಯಾವುದೋ ಇಲಾಖೆಯಲ್ಲಿರುವುದು ಮಾವನಿಗೆ ನೆನಪಾಗುವುದೂ ಆಗಲೇ. ಅವನ ಮಗಳ ಮದುವೆಗೆ ಹೋಗದವರು ಈಗ ಮೈಸೂರುಪಾಕಿನ ಡಬ್ಬಿ ಹಿಡಿದು ಕ್ಷೇಮ ವಿಚಾರಿಸಲು ಹೋಗುತ್ತಾರೆ. ಐದು ಜನರ ಮನೆಗೆ ಮೂರು ಪಾಸು ಬರುತ್ತದೆ. ಉಳಿದೆರಡಕ್ಕೆ ಇನ್ನೊಂದು ಡಬ್ಬಿ.

ಆಮೇಲೆ ತಾಲೀಮು. ಜಂಬೂಸವಾರಿಯ ಆನೆಗಳು ಕುಶಾಲತೋಪಿನ ಸದ್ದಿಗೆ ಬೆದರದಿರಲೆಂದು ದಸರಾಕ್ಕೆ ಮುಂಚೆ ಅವುಗಳೆದುರು ಫಿರಂಗಿ ಸಿಡಿಸಿ ರೂಢಿ ಮಾಡಿಸುತ್ತಾರಲ್ಲ. 750 ಕಿಲೋ ಅಂಬಾರಿ ಹೊರುವ ಮೊದಲು ಮರಳಿನ ಮೂಟೆ ಹೊರಿಸುತ್ತಾರಲ್ಲ. ಪತ್ರಿಕೆಯಲ್ಲಿ ಇದನ್ನೆಲ್ಲ ಓದಿದ ಮಾವ ಮನೆಯಲ್ಲೂ ಜಾರಿಗೆ ತಂದಿದ್ದಾರೆ. ನಾಲ್ಕು ವರ್ಷದ ಮೊಮ್ಮಗನನ್ನು ಹಿತ್ತಿಲಲ್ಲಿ ನಿಲ್ಲಿಸಿ, ಬಾಗಿಲ ಮರೆಯಿಂದ ಕಾಗದದ ಚೀಲ ಊದಿ ಒಡೆಯುತ್ತಾರೆ. ಮಗು ಬೆದರುವುದಿಲ್ಲ, “ಇನ್ನೊಂದು” ಎನ್ನುತ್ತದೆ. ಬೆಚ್ಚಿಬೀಳುವುದು ಒಳಗೆ ಹಾಲು ಕಾಯಿಸುತ್ತಿರುವ ಅಜ್ಜಿ. ಮರಳಿನ ಮೂಟೆ ಮಗನ ಪಾಲಿಗೆ: ತುಂಬಿದ ಚೀಲ ಹೊತ್ತು ಮಹಡಿ ಹತ್ತಿ ಇಳಿದು ತೋರಿಸಬೇಕು.

ಆ ಚೀಲದಲ್ಲಿ ಏನುಂಟು, ಏನಿಲ್ಲ! ಕೂರಲು ಜಮಖಾನ, ಮಳೆಗೆ ಛತ್ರಿ, ಇಬ್ಬನಿಗೆ ಮಂಕಿ ಕ್ಯಾಪು, ಕಿವಿಗೆ ಹತ್ತಿ, ಪುಳಿಯೋಗರೆ, ಕೋಡುಬಳೆ, ಮಗುವಿಗೆ ಮೊಸರನ್ನ, ಇದೆಲ್ಲದರಿಂದ ಬರುವ ತಲೆನೋವಿಗೆ ಅಮೃತಾಂಜನ.

“ರೀ, ನಾವು ಹೋಗ್ತಿರೋದು ಬನ್ನಿಮಂಟಪಕ್ಕೋ ಕಾಶಿಗೋ?”

“ನಿನಗೆ ಗೊತ್ತಾಗಲ್ಲ, ಸುಮ್ನಿರೆ.”

ಕವಾಯತು ಶುರುವಾಗುವುದು ಕತ್ತಲಾದ ಮೇಲೆ. ಮಾವನ ಪರಿವಾರ ಹೊರಡುವುದು ಮಧ್ಯಾಹ್ನ ಮೂರಕ್ಕೆ. ಸಯ್ಯಾಜಿರಾವ್ ರಸ್ತೆಯನ್ನು ಮೆರವಣಿಗೆಗೆ ಬಿಟ್ಟುಕೊಟ್ಟ ದಿನ ಉಳಿದವರಿಗೆ ಸಂದಿಗೊಂದಿಗಳೇ ಗತಿ. ಅವುಗಳ ನಕ್ಷೆ ಮಾವನ ಜೇಬಿನಲ್ಲಿದೆ. ಗೇಟಿನಲ್ಲಿ ಪೊಲೀಸಪ್ಪ ಛತ್ರಿ ಒಳಗೆ ಬಿಡುವುದಿಲ್ಲ ಎಂದರೆ ಮಾವ ವಾದಿಸುವುದಿಲ್ಲ. ಇಂಥ ಸಂದರ್ಭಕ್ಕೆಂದೇ ಹಳೆಯ ಛತ್ರಿ ತಂದಿರುತ್ತಾರೆ.

ಬೈಕುಗಳ ಸಾಹಸಕ್ಕೆ ಜನ ಶಿಳ್ಳೆ ಹೊಡೆಯುತ್ತಾರೆ, ಅಶ್ವದಳ ಬರುತ್ತದೆ. ಮಾವನ ಕಣ್ಣು ಮಾತ್ರ ಗೇಟಿನ ಕಡೆಗೆ. ಪಂಜು ಹಿಡಿದವರು ಸಾಲುಗಟ್ಟಿ ಬೆಂಕಿಯಲ್ಲೇ ಅಕ್ಷರ ಮೂಡಿಸುವ ಹೊತ್ತಿಗೆ ಇವರು ಜಮಖಾನ ಮಡಚುತ್ತಿರುತ್ತಾರೆ.

“ಏಳ್ರೋ, ಈಗ ಹೊರಟ್ರೆ ರಶ್ಶು ತಪ್ಪತ್ತೆ.”

“ಅಪ್ಪ, ಬಾಣಬಿರುಸು?”

“ದಾರೀಲಿ ಕಾಣತ್ತೆ, ನಡಿ.”

ಕಾಣುತ್ತದೆ ಕೂಡ. ಆಟೊದ ಹಿಂದಿನ ಕಿಂಡಿಯಲ್ಲಿ ಅಂಗೈಯಗಲ ಕೆಂಪು, ಚೂರು ನೀಲಿ. ಕೆಂಪಿಗೆ ಸ್ಟ್ರಾನ್ಷಿಯಂ ಕಾರಣ, ನೀಲಿಗೆ ತಾಮ್ರ ಎಂದು ವಿವರಿಸುತ್ತಲೇ ಮಾವ ಗಡಿಯಾರ ನೋಡಿಕೊಂಡು ಎಣಿಸುತ್ತಾರೆ. ಬೆಳಕು ಕಂಡ ಮೂರು ಸೆಕೆಂಡಿಗೆ ಢಂ ಎಂಬ ಸದ್ದು.

“ಸದ್ದು ಹೋಗೋದು ಸೆಕೆಂಡಿಗೆ ಸುಮಾರು 340 ಮೀಟರ್. ಅಂದ್ರೆ ಆಗಲೇ ಒಂದು ಕಿಲೋಮೀಟರ್ ದಾಟಿದೀವಿ! ಅಲ್ಲೇ ಕೂತಿರೋರ ಗತಿ ನೆನೆಸ್ಕೊಳ್ಳಿ.”