ಫಾರ್ಮ್ಯಾಟ್ ಒಲ್ಲದ ರಾಯರು

ಪ್ರತಿ ಬಡಾವಣೆಯಲ್ಲೂ ಕಂಪ್ಯೂಟರ್ ರಿಪೇರಿ ಬಲ್ಲ ನಿವೃತ್ತರೊಬ್ಬರು ಇದ್ದೇ ಇರುತ್ತಾರೆ. ಇವರಲ್ಲಿ ಎರಡು ಪಂಗಡ. ಏನೇ ತೊಂದರೆ ಹೇಳಿಕೊಳ್ಳಿ, "ಫಾರ್ಮ್ಯಾಟ್ ಹೊಡೆದುಬಿಡಿ" ಅನ್ನುವವರು ಮೊದಲನೆಯವರು. ಇವರಿಂದ ಹೆಚ್ಚು ಅಪಾಯವಿಲ್ಲ. ಫೋಟೋಗಳು ಹೋಗುತ್ತವೆ, ಅಷ್ಟೆ. ಎರಡನೆಯವರು ಪ್ರಾಣ ಹೋದರೂ ಫಾರ್ಮ್ಯಾಟ್ ಮಾಡದವರು. ಮದರ್‌ಬೋರ್ಡ್ ಬದಲಾಗಲಿ, ಪ್ರೊಸೆಸರ್ ಬದಲಾಗಲಿ, ಡಿಡಿಆರ್3 ಹೋಗಿ ಡಿಡಿಆರ್4 ಬರಲಿ, ಒಳಗಿನ ವಿಂಡೋಸ್ ಮಾತ್ರ ಅದೇ ಇರಬೇಕು. ಮಹಡಿಯಲ್ಲಿ ಮಲಗಿದವರಿಗೆ ಎಚ್ಚರವಾಗದಂತೆ ಮನೆಯ ತಳಪಾಯ ಬದಲಿಸುವ ಸಾಹಸ ಇದು. ಈ ಪಂಗಡದ ಅಪ್ಪಟ ಮಾದರಿಯೊಂದು ಕುವೆಂಪುನಗರದಲ್ಲಿ, ನಮ್ಮ ಎದುರು ಮನೆಯಲ್ಲೇ ವಾಸವಾಗಿದೆ. ಹೆಸರು ಬೇಡ, ರಾಯರು ಅಂದರೆ ಸಾಕು.

ರಾಯರು ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಬೆಳಗಿನ ವಾಕಿಂಗಿನಲ್ಲಿ ಉಳಿದವರು ಪರಸ್ಪರ ಶುಗರ್ ವಿಚಾರಿಸಿಕೊಂಡರೆ ಇವರು "ನಿಮ್ಮದು ಎಷ್ಟು ಜಿಬಿ?" ಅಂತಾರೆ. ಅಮೃತಾಂಜನದ ಖಾಲಿ ಶೀಶೆಗಳಲ್ಲಿ ಸ್ಕ್ರೂಗಳನ್ನು ಅಳತೆವಾರು ತುಂಬಿಟ್ಟಿದ್ದಾರೆ. ಹಳೆಯ ಬೋರ್ಡುಗಳ ಡಬ್ಬಗಳೆಲ್ಲ ಮಂಚದ ಕೆಳಗೆ. ಬಿಡಿಭಾಗ ಬೇಕೆಂದರೆ ಮೈಸೂರಿನಲ್ಲಿ ಕೊಳ್ಳುವುದಿಲ್ಲ. ಚಾಮುಂಡಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ, ಇನ್ನೂರು ರೂಪಾಯಿ ಉಳಿಸಿ, ಊಟ ತಿಂಡಿಗೆ ಮುನ್ನೂರು ಖರ್ಚು ಮಾಡಿ, ಗೆದ್ದ ಮುಖದಲ್ಲಿ ವಾಪಸಾಗುತ್ತಾರೆ.

ಅವರ ವಿಂಡೋಸ್ 2009ರಲ್ಲಿ ಏಳಾಗಿ ಹುಟ್ಟಿದ್ದು. 2016ರ ಜುಲೈ 29ಕ್ಕೆ ಉಚಿತ ಅವಧಿ ಮುಗಿಯುತ್ತದೆ ಅನ್ನುವಾಗ ಹತ್ತಾಯಿತು. ಅದರೊಳಗೆ ಕನ್ನಡ ಗಣಕ ಪರಿಷತ್ತಿನ ನುಡಿ ಇದೆ, ಬರಹ ಇದೆ, ಚರಂಡಿ ಕಟ್ಟಿಕೊಂಡದ್ದರ ಬಗ್ಗೆ ನುಡಿಯ ಹಳೆ ಫಾಂಟಿನಲ್ಲಿ ಬರೆದ ಅರ್ಜಿಗಳಿವೆ. ಯೂನಿಕೋಡಿಗೆ ಮುಂಚಿನವು, ಫಾಂಟ್ ಇಲ್ಲದ ಕಡೆ ತೆರೆದರೆ ಚರಂಡಿಯೆಲ್ಲ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ.

"ನುಡಿ ಮತ್ತೆ ಹಾಕ್ಕೋಬಹುದಲ್ಲ ರಾಯರೇ?"

"ಹಾಕ್ಕೋಬಹುದು. ಇದರ ಥರ ಇರಲ್ಲ."

ಈ ಹಟಕ್ಕೆ ಎಕ್ಸ್‌ಪಿ ಕಾಲದಲ್ಲಿ ತಕ್ಕ ಶಾಸ್ತಿಯಾಗುತ್ತಿತ್ತು. ಡಿಸ್ಕನ್ನು ಹೊಸ ಬೋರ್ಡಿಗೆ ಸಿಕ್ಕಿಸಿದರೆ, ಆ ಬೋರ್ಡಿನ ಡಿಸ್ಕ್ ಕಂಟ್ರೋಲರಿಗೆ ಬೇಕಾದ ಡ್ರೈವರ್ ವಿಂಡೋಸ್ ಬಳಿ ಇಲ್ಲದೆ, ತಾನು ಕೂತಿರುವ ಡಿಸ್ಕೇ ತನಗೆ ಕಾಣದೆ, 7ಬಿ ಎಂಬ ಸಂಖ್ಯೆ ಹೊತ್ತ ನೀಲಿ ತೆರೆ ಏಳುತ್ತಿತ್ತು. ಹತ್ತರ ಹೊತ್ತಿಗೆ ವಿಂಡೋಸ್ ಪಳಗಿತು. ಹೊಸ ಯಂತ್ರದಲ್ಲಿ ಕಣ್ಣುಬಿಟ್ಟರೂ ಸಾಮಾನ್ಯವಾಗಿ ಸುಧಾರಿಸಿಕೊಂಡು ಡ್ರೈವರುಗಳನ್ನು ಹೊಂದಿಸಿಕೊಳ್ಳುತ್ತದೆ. ಪಂಚಮಂತ್ರ ರಸ್ತೆಯಿರುವ ಬಡಾವಣೆ ನಮ್ಮದು. ಆ ಐದು ಮಂತ್ರಗಳಲ್ಲಿ ಸಮನ್ವಯವನ್ನು ಕುವೆಂಪು ಹೇಳಿದ್ದು ತಮ್ಮ ಕ್ಯಾಬಿನೆಟ್ಟಿಗೇ ಎಂದು ರಾಯರ ನಂಬಿಕೆ.

ಕಳೆದ ವರ್ಷ ಒಂದು ಭಾನುವಾರ ಕರೆ ಬಂತು. "ಅರ್ಧ ಗಂಟೆ ಕೆಲಸ ಸ್ವಾಮಿ, ಬಂದು ಸ್ವಲ್ಪ ಟಾರ್ಚ್ ಹಿಡೀರಿ." ಕನ್ನಡ ಎಂ.ಎ. ಮಾಡಿದವನಿಗೆ ಕಂಪ್ಯೂಟರ್ ಕ್ಷೇತ್ರದಲ್ಲಿ ಇದಕ್ಕಿಂತ ದೊಡ್ಡ ಹುದ್ದೆ ಸಿಗುವುದಿಲ್ಲವಾದ್ದರಿಂದ ಹೋದೆ. ಬಾಗಿಲಲ್ಲೇ ಅವರ ಮನೆಯವರು, "ಇವರ ಅರ್ಧ ಗಂಟೆ ನಂಬಿಕೊಂಡು ಬಂದ್ರಾ? ಊಟ ಇಲ್ಲೇ ಮಾಡಿ" ಅಂದರು.

ಹಳೆ ಬೋರ್ಡ್ ಬಿಚ್ಚಿದ್ದಾಯಿತು. ಹೊಸ ಸಾಕೆಟ್ಟಿನಲ್ಲಿ ಪ್ರೊಸೆಸರ್ ಕೂರಿಸಿ ರಾಯರು ಲಿವರ್ ಒತ್ತಿದರು. ಅದು ಕಿರ್ರ್ ಅಂತು. ಅಷ್ಟು ದುಡ್ಡಿನ ವಸ್ತು ಮುರಿಯುವಾಗ ಬರಬೇಕಾದ ಸದ್ದೇ ಅದು, ಆದರೆ ಸರಿಯಾಗಿ ಕೂತಾಗಲೂ ಅದೇ ಸದ್ದು ಬರುತ್ತದಂತೆ. ಮೇಲಿನ ಪ್ಲಾಸ್ಟಿಕ್ ಮುಚ್ಚಳ ಟಪ್ಪನೆ ಸಿಡಿದು ದೇವರ ಕೋಣೆ ಸೇರಿತು. ಪವರ್ ಬಟನ್ನಿನ ಗುಬ್ಬಚ್ಚಿ ಕೊಕ್ಕಿನಂಥ ವೈರುಗಳನ್ನು ಪಿನ್ನಿಗೆ ಸಿಕ್ಕಿಸುವಾಗ ನನ್ನ ಟಾರ್ಚ್ ಪ್ರತಿಸಲವೂ ಒಂದು ಇಂಚು ಆಚೆ ಇರುತ್ತಿತ್ತು.

ಸ್ವಿಚ್ ಒತ್ತಿದರು. ಫ್ಯಾನ್ ತಿರುಗಿತು, ಬಯಾಸ್ ಬಂತು, ವಿಂಡೋಸ್ ಬರಲಿಲ್ಲ. ರಾಯರ ಡಿಸ್ಕ್ ಹಳೆ ಎಂಬಿಆರ್ ಪದ್ಧತಿಯದು, ಹೊಸ ಬೋರ್ಡ್ ಯುಇಎಫ್‌ಐ ಹೊರತು ಬೇರೇನೂ ಒಪ್ಪದ್ದು. ಡಿಸ್ಕಿನಲ್ಲಿರುವುದನ್ನು ಅಳಿಸದೆ, ಯುಇಎಫ್‌ಐಗೆ ಬೇಕಾದ ಜಿಪಿಟಿ ಪದ್ಧತಿಗೆ ತಿರುಗಿಸುವ ಎಂಬಿಆರ್2ಜಿಪಿಟಿ ಎಂಬ ಉಪಕರಣ 2017ರಿಂದ ವಿಂಡೋಸಿನೊಳಗೇ ಇದೆ. ಇನ್‌ಸ್ಟಾಲ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿಯೂ ಅದನ್ನು ನಡೆಸಬಹುದು ಎಂದು ಫೋನಿನಲ್ಲಿ ಅವರ ಮಗನೇ ಹೇಳಿದ. ರಾಯರು ಕೆಂಡವಾದರು. "ಇನ್‌ಸ್ಟಾಲ್ ಪೆನ್‌ಡ್ರೈವ್ ಮನೆ ಒಳಗೆ ಬಂದ್ರೆ ಫಾರ್ಮ್ಯಾಟ್ ಆದ ಹಾಗೇ!"

ಹಾಗಾಗಿ ಹೊಸ ಬೋರ್ಡನ್ನು ಪೂರ್ತಿ ಬಿಚ್ಚಿ, ಹಳೆಯದನ್ನು ಪೂರ್ತಿ ಕೂರಿಸಿ, ಒಂದೇ ಒಂದು ಸಾಲಿನ ಆದೇಶ ಟೈಪ್ ಮಾಡಿ, ಮತ್ತೆ ಹಳೆಯದನ್ನು ಪೂರ್ತಿ ಬಿಚ್ಚಿದೆವು. ತಿರುಗಿಸಿದ ಮೇಲೆ ಆ ಹಳೆ ಬೋರ್ಡಿನಲ್ಲಿ ಡಿಸ್ಕ್ ಬೂಟ್ ಆಗುವ ಹಾಗಿರಲಿಲ್ಲ. ಅಂತೂ ಹಿಂದಿನ ದಾರಿ ಮುಚ್ಚಿತು. ಆ ಹೊತ್ತಿಗೆ ಸಾರು ಎರಡನೆಯ ಸಲ ಬಿಸಿಯಾಗಿತ್ತು.

ಕಪ್ಪು ತೆರೆಯ ಮೇಲೆ ಬಿಳಿ ಚುಕ್ಕೆಗಳು ಸುತ್ತತೊಡಗಿದವು. "ಗೆಟಿಂಗ್ ಡಿವೈಸಸ್ ರೆಡಿ" ಅಂತು. ಹನ್ನೆರಡು ಪರ್ಸೆಂಟ್, ಮೂವತ್ತು, ಅರವತ್ತೊಂದರಲ್ಲಿ ನಿಂತೇಹೋಯಿತು. ರಾಯರು ಮಾತು ಬಿಟ್ಟರು. ಕೊನೆಗೆ ಡೆಸ್ಕ್‌ಟಾಪ್ ಬಂತು, ಐಕಾನುಗಳು ದಪ್ಪಗಾಗಿ ದಿಕ್ಕಾಪಾಲಾಗಿದ್ದವು. ರಾಯರು ಅಳುಕಲಿಲ್ಲ; ಯಾವ ಐಕಾನ್ ಎಲ್ಲಿತ್ತೆಂದು ಮೊದಲೇ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟಿದ್ದರು. 'ನ್ಯೂ ಫೋಲ್ಡರ್ 7' ತನ್ನ ಮೂಲಸ್ಥಾನ ಸೇರಿದ ಮೇಲೆಯೇ ನಮಗೆ ಎಲೆ ಹಾಕಿದ್ದು.

ಊಟ ಮುಗಿಸಿ ಬಂದರೆ ಮೂಲೆಯಲ್ಲಿ ಬೂದು ಅಕ್ಷರ: ಆಕ್ಟಿವೇಟ್ ವಿಂಡೋಸ್. ಲೈಸೆನ್ಸ್ ಬೋರ್ಡಿಗೆ ಅಂಟಿಕೊಂಡಿರುತ್ತದೆ. ಬೋರ್ಡ್ ಬದಲಾದರೆ ಇದು ಯಾರೋ ಬೇರೆಯವರ ಯಂತ್ರ ಅಂದುಕೊಳ್ಳುತ್ತದೆ. ಮೊದಲೇ ಖಾತೆಗೆ ಜೋಡಿಸಿಟ್ಟಿದ್ದರೆ ಲಾಗಿನ್ ಆಗಿ, ಇತ್ತೀಚೆಗೆ ಹಾರ್ಡ್‌ವೇರ್ ಬದಲಿಸಿದ್ದೇನೆ ಎಂದು ಒಪ್ಪಿಕೊಳ್ಳಬಹುದು. ರಾಯರು ಜೋಡಿಸಿಟ್ಟಿದ್ದರು, ಪಾಸ್‌ವರ್ಡ್ ಡೈರಿಯಲ್ಲಿತ್ತು. ಆದರೂ ಟೈಪ್ ಮಾಡುವಾಗ ಅವರ ಮುಖ ಸಣ್ಣಗಾಯಿತು.

"ನೋಡಿ, ಪ್ರತಿ ನವೆಂಬರ್‌ನಲ್ಲಿ ಬ್ಯಾಂಕಿಗೆ ಹೋಗಿ ಬದುಕಿದೀನಿ ಅಂತ ಸರ್ಟಿಫಿಕೇಟ್ ಕೊಡಬೇಕು. ನಾನೇ ಮ್ಯಾನೇಜರ್ ಆಗಿದ್ದ ಬ್ರಾಂಚು. ಕೌಂಟರಿನ ಹುಡುಗ ಹೆಸರೇನು ಅಂತಾನೆ. ಹೊಸದಾಗಿ ವಿಂಡೋಸ್ ಹಾಕಿದ್ರೂ ಅದೇ ಪ್ರಶ್ನೆ: ಯಾವ ದೇಶ, ಯಾವ ಭಾಷೆ, ಹೆಸರೇನು. ಇದೊಂದು ನನ್ನನ್ನು ಏನೂ ಕೇಳಲ್ಲ. ಇದಕ್ಕೆ ನಾನು ಗೊತ್ತು."

ಟಾರ್ಚ್ ಆರಿಸಲು ಮರೆತು ನಿಂತಿದ್ದೆ. ನಮ್ಮ ಬೀದಿಯಲ್ಲಿ ವರ್ಷಕ್ಕೊಂದು ಹಳೆ ಮನೆ ಉರುಳಿ ಅಪಾರ್ಟ್‌ಮೆಂಟ್ ಏಳುತ್ತಿದೆ. ಮಕ್ಕಳು ಎಲ್ಲವನ್ನೂ ಹೊಸದಾಗಿ, ಸ್ವಚ್ಛವಾಗಿ ಶುರುಮಾಡುವ ಕಾಲ. ಕಸವನ್ನೂ ಜೊತೆಗೆ ಹೊತ್ತು ತರುವವನಿಗೆ ವೇಗ ಕಡಿಮೆ, ನಿಜ. ಆದರೆ ಪರಿಚಯದ ಋಣ ಅಂತ ಒಂದಿರುತ್ತದಲ್ಲ. ಅದಕ್ಕೆ ಬ್ಯಾಕಪ್ ತೆಗೆಯುವ ವಿಧಾನ ಯಾರಿಗೂ ಗೊತ್ತಿಲ್ಲ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ ಹತ್ತಕ್ಕೆ ಬೆಂಬಲ ಮುಗಿಯಿತು. ಹೊಸ ಬೋರ್ಡಿನಲ್ಲಿ ಟಿಪಿಎಂ 2.0 ಇದೆಯಾದ್ದರಿಂದ ಹನ್ನೊಂದಕ್ಕೆ ಏರಲು ರಾಯರು ಸಿದ್ಧ. ಫೈಲು, ಪ್ರೋಗ್ರಾಂ, ಚರಂಡಿಯ ಅರ್ಜಿ ಸಮೇತ. ಒಳಗೆ ಒಂದಿಷ್ಟೂ ಬದಲಾಗದೆ ಮೇಲ್ದರ್ಜೆಗೇರುವ ಈ ಚಪಲದ ಬಗ್ಗೆ ಮನೆಯಲ್ಲಿ ನಾನೊಂದು ಉಪನ್ಯಾಸವನ್ನೇ ಕೊಟ್ಟೆ. ಹೆಂಡತಿ ಹುರುಳಿಕಾಯಿ ಸೋಸುತ್ತಾ ಪೂರ್ತಿ ಕೇಳಿದಳು.

"ಅವರು ಬೋರ್ಡನ್ನಾದರೂ ಬದಲಾಯಿಸಿದಾರೆ," ಅಂದಳು.