ತೋಟ ಬಿಟ್ಟು ಟೋಕಿಯೋಗೆ

(ತೀರ್ಥಹಳ್ಳಿ ಸೀಮೆಯ ಒಂದು ಅಡಿಕೆ ತೋಟದ ಮನೆ. ಜಗಲಿಯಲ್ಲಿ ಸುಬ್ಬರಾಯರು ಪಂಚಾಂಗ, ಕ್ಯಾಲೆಂಡರ್, ಮೊಬೈಲ್ ಮೂರನ್ನೂ ಹರಡಿಕೊಂಡು ಕೂತಿದ್ದಾರೆ. ಸಾವಿತ್ರಮ್ಮ ಬಸಳೆ ಸೋಸುತ್ತಿದ್ದಾರೆ. ಯೊಕೊಹಾಮಾದಲ್ಲಿ ಸಂಸಾರ ಹೂಡಿದಾಗಿನಿಂದ ಮಗಳು ಕರೆಯುತ್ತಲೇ ಇದ್ದಾಳೆ. ಇವರು ಹೊರಡುತ್ತಲೇ ಇದ್ದಾರೆ.)

ಸುಬ್ಬರಾಯರು: ಸಾವಿತ್ರಿ, ಈ ಸಲ ನಿಶ್ಚಯ. ಚೆರ್ರಿ ಹೂ ಬಿಡೋ ಹೊತ್ತಿಗೇ ಜಪಾನಿಗೆ ಹೋಗೋದು.

ಸಾವಿತ್ರಮ್ಮ: ಹೋದ ವರ್ಷವೂ ನಿಶ್ಚಯವೇ ಆಗಿತ್ತು. ನಿಮ್ಮ ಪಾಸ್‌ಪೋರ್ಟಿನ ವಾಯಿದೆ ಮುಗೀತಾ ಬಂತು, ಒಂದು ಸೀಲೂ ಬಿದ್ದಿಲ್ಲ. ಅದರ ಫೋಟೋದಲ್ಲಿ ತಲೆ ತುಂಬ ಕೂದಲಿತ್ತು, ಈಗ ಅದೂ ಇಲ್ಲ. ಇರಲಿ, ಹೂ ಬಿಡೋದು ಯಾವಾಗ?

ಸುಬ್ಬರಾಯರು: ಟೋಕಿಯೋದಲ್ಲಿ ಮಾರ್ಚ್ ಕೊನೆ, ಏಪ್ರಿಲ್ ಮೊದಲು. ಹವಾಮಾನ ಇಲಾಖೆಯವರೇ ಘೋಷಣೆ ಮಾಡ್ತಾರೆ. ಯಾಸುಕುನಿ ಅಂತ ಒಂದು ದೇವಸ್ಥಾನ, ಅದರ ಅಂಗಳದಲ್ಲಿ ಗೊತ್ತು ಮಾಡಿದ ಒಂದು ಮರ. ಅದರಲ್ಲಿ ಐದಾರು ಹೂ ಕಂಡರೆ ಟೋಕಿಯೋಕ್ಕೆಲ್ಲ ಸಕುರಾ ಅರಳಿತು ಅಂತ ಲೆಕ್ಕ. ಟೀವಿಯವರು ಕ್ಯಾಮರಾ ಹಿಡ್ಕೊಂಡು ಕಾಯ್ತಾರೆ.

ಸಾವಿತ್ರಮ್ಮ: ಐದು ಹೂವಿಗೆ ಸರ್ಕಾರಿ ಘೋಷಣೆಯಾ? ನಮ್ಮ ಹಿತ್ತಲ ದಾಸವಾಳ ದಿನಾ ಮೂವತ್ತು ಬಿಡುತ್ತೆ, ಪಂಚಾಯ್ತಿಯವರು ತಿರುಗಿಯೂ ನೋಡಿಲ್ಲ.

ಸುಬ್ಬರಾಯರು: ಆಮೇಲೆ ಒಂದು ವಾರಕ್ಕೆ ಪೂರ್ತಿ ಅರಳುತ್ತೆ. ಇನ್ನೊಂದು ವಾರದಲ್ಲಿ ಉದುರಿ ಹೋಗುತ್ತೆ. ಊರಿನ ಮರವೆಲ್ಲ ಹೆಚ್ಚುಕಮ್ಮಿ ಒಟ್ಟಿಗೇ! ಯಾಕೆ ಹೇಳು? ಸೊಮೇಯ್ ಯೊಶಿನೊ ಅನ್ನೋ ತಳಿ, ಅಷ್ಟೂ ಕಸಿ ಗಿಡ. ಒಂದೇ ಮರದ ಕುಡಿಗಳು.

ಸಾವಿತ್ರಮ್ಮ: ಹಣ್ಣು?

ಸುಬ್ಬರಾಯರು: ತಿನ್ನೋವಂಥದ್ದು ಬಿಡೋದಿಲ್ಲ.

ಸಾವಿತ್ರಮ್ಮ: ಹಾಗಾದರೆ ನಿಮ್ಮ ಜಾತಕವೇ. ಬರೀ ಶೋಕಿ. ಅಲ್ಲ ಮಾರಾಯ್ರೆ, ಟಿಕೆಟ್ ಮಾಡಿಸಬೇಕಾದ್ದು ತಿಂಗಳುಗಟ್ಟಲೆ ಮೊದಲು. ಹೂವಿಗೆ ನಿಮ್ಮ ತಾರೀಕು ಹೇಳೋರು ಯಾರು?

ಸುಬ್ಬರಾಯರು: ಅದೇ ತೊಂದರೆ. ಕ್ಯೋಟೋದಲ್ಲಿ 2021ರಲ್ಲಿ ಮಾರ್ಚ್ 26ಕ್ಕೇ ಪೂರ್ತಿ ಅರಳಿಬಿಟ್ಟಿತ್ತು. ಅಲ್ಲಿಯವರೆಗಿನ ದಾಖಲೆಯಲ್ಲೇ ಅಷ್ಟು ಬೇಗ ಅರಳಿರಲಿಲ್ಲ. ದಾಖಲೆ ಅಂದರೆ 812ನೇ ಇಸವಿಯಿಂದ ಗೊತ್ತಾ? ಮಧ್ಯೆ ಮಧ್ಯೆ ಬಿಟ್ಟುಹೋಗಿದ್ದರೂ ಅರಮನೆಯವರ, ಸನ್ಯಾಸಿಗಳ ದಿನಚರಿಯಲ್ಲೆಲ್ಲ ಹೂವಿನ ತಾರೀಕು ಸಿಗುತ್ತೆ.

ಸಾವಿತ್ರಮ್ಮ: ಅವರು ಸಾವಿರದ ಇನ್ನೂರು ವರ್ಷದ ಹೂ ಬರೆದಿಟ್ಟಿದ್ದಾರೆ. ನೀವು ಹೋದ ವರ್ಷದ ಅಡಿಕೆ ಲೆಕ್ಕ ಬರೆದಿಟ್ಟಿಲ್ಲ. ಮಾರ್ಚ್ ಬೇಡ. ಅದು ಮಾವಿನ ಮಿಡಿಯ ಕಾಲ, ಯುಗಾದಿ ಬೇರೆ ಬರುತ್ತೆ. ಜಪಾನಿಗೆ ಮುಂದಿನ ವರ್ಷವೂ ಹೋಗಬಹುದು, ಮಿಡಿ ಬಲಿತರೆ ಉಪ್ಪಿನಕಾಯಿ ಹಾಕೋಕೆ ಬರೋದಿಲ್ಲ.

ಸುಬ್ಬರಾಯರು: ಹಾಗಾದರೆ ನವೆಂಬರ್ ಕೊನೆ! ಕ್ಯೋಟೋದಲ್ಲಿ ಮೇಪಲ್ ಎಲೆ ಕೆಂಪಾಗಿ ಗುಡ್ಡಕ್ಕೆ ಗುಡ್ಡವೇ ಉರಿದ ಹಾಗೆ ಕಾಣುತ್ತಂತೆ.

ಸಾವಿತ್ರಮ್ಮ: ಆಗ ನಮ್ಮ ಅಂಗಳದಲ್ಲಿ ಅಡಿಕೆ ಬೇಯಿಸೋ ಹಂಡೆ ಉರಿಯುತ್ತಿರುತ್ತೆ. ಕೆಂಪು ನೋಡಬೇಕಾದರೆ ಚೊಗರು ನೋಡಿ, ಖರ್ಚಿಲ್ಲ. ಕೊನೆ ತೆಗೆಯೋನ ತಾರೀಕು ಸಿಗೋದು ಜಪಾನ್ ವೀಸಾಕ್ಕಿಂತ ಕಷ್ಟ. ಅವನು ಬಂದ ದಿನ ಯಜಮಾನರು ಎಲೆ ನೋಡೋಕೆ ಹೋಗಿದ್ದಾರೆ ಅಂತ ನಾನು ಹೇಳೋದಾ?

ಸುಬ್ಬರಾಯರು: ಫೆಬ್ರವರಿ? ಹೊಕ್ಕೈಡೋ ದ್ವೀಪದ ಸಪ್ಪೊರೊದಲ್ಲಿ ಹಿಮದ ಹಬ್ಬ. ಹಿಮದಲ್ಲೇ ದೊಡ್ಡ ದೊಡ್ಡ ಮೂರ್ತಿ ಮಾಡಿ ನಿಲ್ಲಿಸ್ತಾರೆ.

ಸಾವಿತ್ರಮ್ಮ: ಡಿಸೆಂಬರಿನ ಇಬ್ಬನಿಗೇ ಮಂಕಿಕ್ಯಾಪ್ ಹುಡುಕೋರು ನೀವು.

ಸುಬ್ಬರಾಯರು: ಮಂಕಿ ಅಂದಮೇಲೆ ನೆನಪಾಯ್ತು. ನಗಾನೊ ಕಡೆ ಜಿಗೊಕುದಾನಿ ಅಂತ ಒಂದು ಜಾಗ. ಚಳಿಗಾಲದಲ್ಲಿ ಅಲ್ಲಿನ ಮಂಗಗಳು ಬಿಸಿನೀರಿನ ಹೊಂಡದಲ್ಲಿ ಕೂತು ಸ್ನಾನ ಮಾಡ್ತವೆ. ಅದನ್ನ ನೋಡೋಕೆ ಎಲ್ಲೆಲ್ಲಿಂದಲೋ ಜನ ಬರ್ತಾರೆ.

ಸಾವಿತ್ರಮ್ಮ: ಎಂತ? ದುಡ್ಡು ಕೊಟ್ಟು ಮಂಗ ನೋಡೋದಾ? ನಮ್ಮ ಬಾಳೆ, ಏಲಕ್ಕಿ, ಎಳೆ ಅಡಿಕೆ ಎಲ್ಲ ಮುಗಿಸಿದ್ದಾವೆ, ಬಚ್ಚಲ ಹಂಡೆಯೊಂದು ಬಾಕಿ ಇತ್ತು. ಈ ಸುದ್ದಿ ಜೋರಾಗಿ ಹೇಳಬೇಡಿ, ಕೇಳಿಸಿಕೊಂಡಾವು.

(ಮಲೆನಾಡಿನಲ್ಲಿ ಮಂಗದ ಮಾತು ಬಂದರೆ ಅರ್ಧ ಗಂಟೆಗೆ ಕಮ್ಮಿ ನಿಲ್ಲುವುದಿಲ್ಲ. ಕೋವಿ, ಪಟಾಕಿ, ಅರಣ್ಯ ಇಲಾಖೆ ಎಲ್ಲ ಬಂದು ಹೋದವು. ಅದನ್ನು ಓದುಗರ ಊಹೆಗೆ ಬಿಟ್ಟಿದ್ದೇನೆ.)

ಸುಬ್ಬರಾಯರು: ಜೂನ್, ಜುಲೈನಲ್ಲಿ ಅಲ್ಲಿ ಮಳೆ. ಬೇಡ ಅಂತ ಮಗಳೇ ಹೇಳಿದಳು.

ಸಾವಿತ್ರಮ್ಮ: ಎಷ್ಟು ಮಳೆ?

ಸುಬ್ಬರಾಯರು: ಟೋಕಿಯೋದಲ್ಲಿ ಇಡೀ ವರ್ಷಕ್ಕೆ ಸುಮಾರು 1,600 ಮಿಲಿಮೀಟರ್.

ಸಾವಿತ್ರಮ್ಮ: ನಮ್ಮ ಆಗುಂಬೆ ಒಂದು ಜುಲೈನಲ್ಲೇ ಅದನ್ನ ಮುಗಿಸಿ ಮುಂದಕ್ಕೆ ಹೋಗುತ್ತೆ. ಅದಕ್ಕೆ ಹೆದರೋರಲ್ಲ ನಾವು. ಆದರೆ ಕೊಳೆ ಔಷಧಿ ಹೊಡೆಸೋರು ಯಾರು?

ಸುಬ್ಬರಾಯರು: ಆಗಸ್ಟಲ್ಲಿ ವಿಪರೀತ ಸೆಕೆ, ಜೊತೆಗೆ ಅವರ ಪಿತೃಗಳ ಹಬ್ಬ ಓಬೊನ್, ರೈಲೆಲ್ಲ ಭರ್ತಿ. ಸೆಪ್ಟೆಂಬರಲ್ಲಿ ಚಂಡಮಾರುತ. ಮುಗೀತು. ಹನ್ನೆರಡು ತಿಂಗಳೂ ಆಯ್ತು. ನಮ್ಮ ಹಣೆಯಲ್ಲಿ ಬರೆದಿಲ್ಲ.

ಸಾವಿತ್ರಮ್ಮ: ಮೇ ತಿಂಗಳು ಎಲ್ಲಿ ಹೋಯ್ತು?

ಸುಬ್ಬರಾಯರು: ಅದರಲ್ಲಿ ಗೋಲ್ಡನ್ ವೀಕ್ ಇದೆಯಲ್ಲ. ಏಪ್ರಿಲ್ 29ರಿಂದ ಮೇ 5ರವರೆಗೆ ಸಾಲು ರಜೆ, ದೇಶಕ್ಕೆ ದೇಶವೇ ಬೀದಿಯಲ್ಲಿರುತ್ತೆ.

ಸಾವಿತ್ರಮ್ಮ: 5ಕ್ಕೆ ಮುಗೀತಲ್ಲ? ಮಳೆ ಟೋಕಿಯೋ ಕಡೆಗೂ ನಮ್ಮ ಕಡೆಗೂ ಬರೋದು ಹೆಚ್ಚುಕಮ್ಮಿ ಜೂನ್ ಮೊದಲ ವಾರ. ಮಧ್ಯದಲ್ಲಿ ಮೂರು ವಾರ ಖಾಲಿ. ಸೆಕೆ ಇಲ್ಲ, ಚಳಿ ಇಲ್ಲ, ಮರವೆಲ್ಲ ಹೊಸ ಚಿಗುರು ಅಂತ ಮಗಳು ನನಗೂ ಹೇಳಿದ್ದಾಳೆ. ಮೇ 9ಕ್ಕೆ ಹೊರಟು 24ಕ್ಕೆ ಬಂದರೆ ಸುಣ್ಣ, ಮೈಲುತುತ್ತ ಕಲಸೋಕೆ ಹೊತ್ತು ಸಿಗುತ್ತೆ.

ಸುಬ್ಬರಾಯರು: ಮೇ ಅಂದರೆ ಮದುವೆ, ಉಪನಯನದ ಕಾಲ ಮಾರಾಯ್ತಿ. ನಾಲ್ಕು ಕಡೆ ಊಟ ತಪ್ಪುತ್ತೆ.

ಸಾವಿತ್ರಮ್ಮ: ಮುಯ್ಯಿ ಫೋನಿನಲ್ಲೇ ಕಳಿಸಿ. ನೀವು ಬಾರದಿದ್ದರೆ ಅವರಿಗೆ ಎರಡು ಹೋಳಿಗೆ ಉಳಿಯುತ್ತೆ.

ಸುಬ್ಬರಾಯರು: ಹಲಸಿನ ಹಪ್ಪಳ?

ಸಾವಿತ್ರಮ್ಮ: ಏಪ್ರಿಲಿನಲ್ಲೇ ಒತ್ತಿ ಮುಗಿಸ್ತೀನಿ. ನೀವು ಪಾಸ್‌ಪೋರ್ಟ್ ಹೊಸದು ಮಾಡಿಸಿ. ವೀಸಾಕ್ಕೆ ಈಗಲೇ ಓಡಬೇಡಿ, ಒಂದು ಸಲದ ವೀಸಾಕ್ಕೆ ಮೂರೇ ತಿಂಗಳ ಆಯುಸ್ಸು. ಮಾರ್ಚಿನಲ್ಲಿ ಅರ್ಜಿ ಹಾಕಿದರೆ ಸರಿಯಾಗುತ್ತೆ.

ಸುಬ್ಬರಾಯರು: ಸಕುರಾ ಮಾತ್ರ ತಪ್ಪಿತು. ಮೇ ಮಧ್ಯದಲ್ಲಿ ಹೊಕ್ಕೈಡೋದ ಪೂರ್ವ ತುದಿ ನೆಮುರೊದಲ್ಲಿ ಇನ್ನೂ ಇರುತ್ತಂತೆ...

ಸಾವಿತ್ರಮ್ಮ: ಟೋಕಿಯೋದಿಂದ ಎಷ್ಟು ದೂರ?

ಸುಬ್ಬರಾಯರು: ಸಾವಿರ ಕಿಲೋಮೀಟರ್ ಆಚೆ.

ಸಾವಿತ್ರಮ್ಮ: ದಾಸವಾಳ ನೋಡಿಕೊಂಡು ಹೊರಡಿ.

ಸುಬ್ಬರಾಯರು: ನಾವಿಲ್ಲದಾಗ ತೋಟಕ್ಕೆ ಮಂಗ ಬಂದರೆ?

ಸಾವಿತ್ರಮ್ಮ: ನೀವಿದ್ದಾಗಲೂ ಬರ್ತಾವೆ. ಮೇ 9ರ ಟಿಕೆಟ್ ಮಾಡು ಅಂತ ಮಗಳಿಗೆ ಫೋನ್ ಹಚ್ಚಿ.