ಕಳ್ಳನಿಗೆ ಅನುಕೂಲ: ಬಳಕೆದಾರರ ಕೈಪಿಡಿ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯ ಸಮಸ್ತ ಮೊಬೈಲ್‌ಧಾರಿಗಳ ಗಮನಕ್ಕೆ. ಸೈಬರ್ ಕಳ್ಳನಿಗೆ ಹೆಚ್ಚು ಶ್ರಮ ಕೊಡಬಾರದೆಂಬ ಸದುದ್ದೇಶದಿಂದ ಈ ಸೂಚನೆಗಳನ್ನು ಹೊರಡಿಸಲಾಗಿದೆ.

ಮೊದಲಿಗೆ ಪಟ್ಟಿ. ಸೋಮವಾರವೋ ಗುರುವಾರವೋ ಬ್ಯಾಡಗಿ ಪೇಟೆಗೆ ಡಬ್ಬಿ ಮೆಣಸಿನಕಾಯಿ ಒಯ್ದು ಒಳ್ಳೆಯ ರೇಟು ಸಿಕ್ಕಿತೇ? ದಲಾಲರು ಕೊಟ್ಟ ಪಟ್ಟಿಯನ್ನು ಚೀಲದ ಮೇಲೆ ಹರಡಿ ಫೋಟೊ ಹೊಡೆಯಿರಿ. ಹೆಸರು, ಊರು, ತೂಕ, ದರ, ಒಟ್ಟು ಮೊತ್ತ ಎಲ್ಲ ಎದ್ದು ಕಾಣಬೇಕು. ಮಸುಕಾದರೆ ಇನ್ನೊಮ್ಮೆ ಹೊಡೆಯಿರಿ. ಫೇಸ್‌ಬುಕ್ಕಿನಲ್ಲಿ 'ಪಬ್ಲಿಕ್' ಎಂದೇ ಇರಲಿ, ಫೋನ್ ನಂಬರೂ ಪ್ರೊಫೈಲಿನಲ್ಲಿರಲಿ. ಸಂಜೆ ಅಪರಿಚಿತನೊಬ್ಬ ಫೋನ್ ಮಾಡಿ ಅದೇ ಮೊತ್ತ ಹೇಳಿದಾಗ, "ಬರೋಬ್ಬರಿ ಹೇಳಾಕತ್ತಾನ, ಬ್ಯಾಂಕಿನಾವನ ಇರಬೇಕು ನೋಡ" ಎಂದು ಮನೆಯವರಿಗೆ ಹೇಳಿ, ಓಟಿಪಿ ಒಪ್ಪಿಸಿ.

ಹೊಸ ಸೈಟು ಕೊಂಡವರು ಖರೀದಿಪತ್ರವನ್ನು ಹೆಬ್ಬೆಟ್ಟಿನ ಗುರುತು ಸಮೇತ ಸ್ಟೇಟಸ್‌ಗೆ ಏರಿಸತಕ್ಕದ್ದು. ನೋಂದಣಿ ಪತ್ರಗಳಲ್ಲಿನ ಬೆರಳಚ್ಚು ನಕಲು ಮಾಡಿ, ಆಧಾರ್ ಪಾವತಿಯ ಮೂಲಕ ಖಾತೆಗಳಿಂದ ಹಣ ತೆಗೆದ ಪ್ರಕರಣಗಳು 2023ರಲ್ಲಿ ನಮ್ಮ ರಾಜ್ಯದಲ್ಲೇ ನಡೆದವು. ಅದಕ್ಕೆ ಓಟಿಪಿಯೂ ಬೇಕಿರಲಿಲ್ಲ. ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯ ಆಧಾರ್ ಆ್ಯಪ್‌ನಲ್ಲಿದೆ. ದಯವಿಟ್ಟು ಅದರ ತಂಟೆಗೆ ಹೋಗಬೇಡಿ.

ತಿರುಪತಿಗೆ ಹೊರಟವರು ರಾಣೆಬೆನ್ನೂರು ಸ್ಟೇಶನ್ನಿನ ಬೋರ್ಡಿನ ಮುಂದೆ ಮನೆಮಂದಿಯೆಲ್ಲ ನಿಂತು ಸೆಲ್ಫಿ ಹಾಕಿ. ಮನೆಗೆ ಬೀಗ ಬಿದ್ದಿದೆಯೆಂದು ಬೇರೆ ಹೇಳಬೇಕಾಗಿಲ್ಲ. ವಾಟ್ಸಾಪಿಗೆ ಬಂದ ಲಗ್ನಪತ್ರಿಕೆಯ ಬಾಲದಲ್ಲಿ 'ಎಪಿಕೆ' ಎಂದಿದ್ದರೂ ಒತ್ತಿ. ಯಾರ ಲಗ್ನವಾದರೇನು, ಊಟ ಮುಖ್ಯ! ನಿಮ್ಮ ಎಸ್ಸೆಮ್ಮೆಸ್ಸುಗಳನ್ನು ಓದುವ ಕೆಲಸ ಅಲ್ಲಿಂದಾಚೆ ಅದರಿಂದ ಫೋನಿಗಿಳಿದ ಆ್ಯಪಿನದು.

ಸನ್ಮಾನದಲ್ಲಿ ಹಾವೇರಿಯ ಏಲಕ್ಕಿ ಹಾರ ಹಾಕಿಸಿಕೊಂಡ ಫೋಟೊ ಇದ್ದರಂತೂ ಬಹಳ ಉಪಯುಕ್ತ. ನಿಮ್ಮ ಹೆಸರಿನ ನಕಲಿ ಖಾತೆಗೆ ಅದೇ ಶೋಭೆ. ಅಲ್ಲಿಂದ ಬೀಗರಿಗೆಲ್ಲ "ಅರ್ಜೆಂಟ್ ಐತಿ, ಹತ್ತು ಸಾವಿರ ಹಾಕ್ರಿ" ಎಂದು ಮೆಸೇಜು ಹೋಗುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಹೆಸರಿಗೆ 2011ರಲ್ಲೇ ಜಿಐ ರಕ್ಷಣೆ ಸಿಕ್ಕಿತು. ಅದನ್ನು ಬೆಳೆದವರ ಹೆಸರು ಮಾತ್ರ ಯಾರು ಬೇಕಾದರೂ ಹಾಕಿಕೊಳ್ಳುವಂತಿದೆ. ಗುರುತು ಕದ್ದವನಿಗೆ ಐಟಿ ಕಾಯ್ದೆಯ 66ಸಿ ಕಲಮಿನಡಿ ಮೂರು ವರ್ಷದವರೆಗೆ ಜೈಲು ಉಂಟು, ಆದರೆ ಅವನು ಮೊದಲು ಸಿಗಬೇಕಲ್ಲ.

ಹಣ ಹೋದ ಮೇಲೆ, ಮಂದಿ ಏನಂದಾರು ಎಂದು ಎರಡು ದಿನ ಬಾಯಿ ಮುಚ್ಚಿಕೊಂಡಿರಿ. ಕಳ್ಳನಿಗೆ ಬೇಕಾದದ್ದು ಆ ಎರಡು ದಿನವೇ.

ಕೈಪಿಡಿಯನ್ನು ಪಾಲಿಸಲಾಗದವರು ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಇಲ್ಲವೇ ಹಾವೇರಿಯ ಸಿಇಎನ್ (ಸೈಬರ್ ಅಪರಾಧ) ಪೊಲೀಸ್ ಠಾಣೆಗೆ ಹೋಗಿ. ಹಣ ಇನ್ನೂ ಖಾತೆಯಿಂದ ಖಾತೆಗೆ ದಾಟುತ್ತಿರುವಾಗಲೇ ತಿಳಿಸಿದರೆ ಅದನ್ನು ತಡೆಹಿಡಿಯಲು ಬರುತ್ತದೆ.